ರೈಟರ್ ಪುಸ್ತಕದ ಎರಡು ತಿಂಗಳು

ಓದುಗರ ಪ್ರಶ್ನೆ: "ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. 2020ರ ಲಾಕ್‌ಡೌನಿನಲ್ಲಿ ನಮ್ಮ ತೋಟದ ಆಳುಗಳಿರುವ ಲೈನ್ ಮನೆಗಳಲ್ಲಿ ಅಸ್ಸಾಮಿನ ಆರು ಸಂಸಾರಗಳು ಸಿಕ್ಕಿಕೊಂಡವು. ಯಾರೂ ಉಪವಾಸ ಬೀಳಲಿಲ್ಲ. ಸಾಹುಕಾರರು ಅಕ್ಕಿ, ಬೇಳೆ, ಎಣ್ಣೆ ಕೊಡಿಸಿದರು. ಜೂನಿನಲ್ಲಿ ಅವರು ಹೊರಟಾಗ ಅಪ್ಪನ ಪುಸ್ತಕದಲ್ಲಿ ಒಂದೊಂದು ಸಂಸಾರದ ಹೆಸರಿನಲ್ಲೂ ಬಾಕಿ ಇತ್ತು. 'ಅನ್ನ ಹಾಕಿದ್ದೇವೆ, ಇನ್ನೇನು ಮಾಡಬೇಕಿತ್ತು?' ಎನ್ನುತ್ತಾರೆ ಅಪ್ಪ. ಬೆಂಗಳೂರಿನಲ್ಲಿ ಓದುವ ತಂಗಿ ಅದನ್ನು ಶೋಷಣೆ ಎನ್ನುತ್ತಾಳೆ. ಊಟಕ್ಕೆ ತೊಂದರೆಯಾಗದವರಿಗೆ ಲಾಕ್‌ಡೌನಿನಿಂದ ಆದ ನಷ್ಟವಾದರೂ ಏನು? ಇಬ್ಬರಲ್ಲಿ ಯಾರ ಮಾತು ಸರಿ?"

ಉತ್ತರ: ನಿಮ್ಮ ಅಪ್ಪನ ಪುಸ್ತಕವನ್ನು ನಾನು ನೋಡಿಲ್ಲ, ಅದರ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಹಾಸನದಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತ ಬಹಳ ವರ್ಷ ಕಳೆದವನು ನಾನು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕೂಲಿ ಲೆಕ್ಕ ಹೇಗೆ ಬರೆಯುತ್ತಾರೆ ಎಂದು ನೋಡುವುದು ನನ್ನ ಹಳೆಯ ಚಟ. ಸಾಮಾನ್ಯವಾಗಿ ಒಂದು ಕಡೆ ಹಾಜರಿ, ಇನ್ನೊಂದು ಕಡೆ ಮುಂಗಡ. ಹಾಜರಿಯನ್ನು ಗುಣಿಸಿದರೆ ಕೂಲಿ, ಅದರಲ್ಲಿ ಮುಂಗಡ ಮುರಿದುಕೊಂಡು ಉಳಿದದ್ದು ಬಟವಾಡೆ. ನಾನು ನೋಡಿದ ಪುಸ್ತಕಗಳಲ್ಲಿ 2020ರ ಏಪ್ರಿಲ್ ಪುಟ ತೆರೆದರೆ ಹಾಜರಿಯ ಚೌಕಗಳು ಹೆಚ್ಚುಕಡಿಮೆ ಖಾಲಿ. ಮುಂಗಡದ ಕಡೆ ಮಾತ್ರ ಸಾಲಿನ ಕೆಳಗೆ ಸಾಲು: ಅಕ್ಕಿ, ತೊಗರಿಬೇಳೆ, ಎಣ್ಣೆ, ಮಗುವಿನ ಜ್ವರದ ಔಷಧಿ, ಫೋನ್ ರೀಚಾರ್ಜ್. ನೀವು ಕೇಳಿದ ನಷ್ಟ ಇರುವುದು ಆ ಖಾಲಿ ಚೌಕಗಳಲ್ಲಿ.

ಅಪ್ಪ ಸುಳ್ಳು ಹೇಳುತ್ತಿಲ್ಲ. ಅನ್ನ ಹಾಕಿದ ತೋಟದಲ್ಲಿ ಇದ್ದವರು, ಗುತ್ತಿಗೆದಾರ ಫೋನ್ ಎತ್ತದೆ ಬಿಟ್ಟುಹೋದ ಶೆಡ್ಡುಗಳಲ್ಲಿ ಇದ್ದವರಿಗಿಂತ ಎಷ್ಟೋ ಪಾಲು ಮೇಲು. ಇದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಬೆಂಗಳೂರಿನಲ್ಲಿ ಕೂತು ನೋಡಿದರೆ ತೋಟದ ಸಾಹುಕಾರರೆಲ್ಲ ಒಂದೇ ಅಚ್ಚಿನವರಂತೆ ಕಾಣುತ್ತಾರೆ. ಇಲ್ಲಿರುವವರಿಗೆ ಗೊತ್ತು, ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. ಪೇಟೆ ಮುಚ್ಚಿ, ಮೆಣಸು ಮಾರಲು ದಾರಿಯಿಲ್ಲದ ದಿನಗಳಲ್ಲಿ ಆರು ಸಂಸಾರಕ್ಕೆ ದಿನಸಿ ಒದಗಿಸುವುದು ಅವರಿಗೂ ಹಗುರದ ಮಾತಾಗಿರಲಿಲ್ಲ.

ಆದರೂ ನಿಮ್ಮ ತಂಗಿ ಬೆರಳಿಟ್ಟಿರುವ ಜಾಗ ಸರಿಯಾಗಿದೆ. ಅದಕ್ಕೆ ತಾರೀಕುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

2020ರ ಮಾರ್ಚ್ 22, ಭಾನುವಾರ ಜನತಾ ಕರ್ಫ್ಯೂ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿ.ವಿ.ಯಲ್ಲಿ ಮಾತಾಡಿದರು. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ದೇಶಕ್ಕೆ ಬೀಗ ಬಿತ್ತು. ಬೆಳಗಾದರೆ ಯುಗಾದಿ. ಹೊಸತೊಡಕಿಗೆ ಮಾಂಸ ಸಿಗುತ್ತದೋ ಇಲ್ಲವೋ ಎಂದು ನಮ್ಮೂರುಗಳು ಚಿಂತೆ ಮಾಡುತ್ತಿದ್ದಾಗ ಲೈನ್ ಮನೆಗಳಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಅರೇಬಿಕಾ ಕೊಯ್ಲು ಯಾವತ್ತೋ ಮುಗಿದಿತ್ತು, ರೊಬಸ್ಟಾ ಮುಗಿಯುತ್ತ ಬಂದಿತ್ತು. ಹೊರಗಿನಿಂದ ಬಂದ ಆಳುಗಳು ಸೀಸನ್ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಡುವ ಹೊತ್ತು ಅದು. ಅಸ್ಸಾಮಿನಲ್ಲಿ ಏಪ್ರಿಲ್ ನಡುವೆ ಬಿಹು ಬೇರೆ. ತೋಟದಲ್ಲಿ ಉಳಿದಿದ್ದ ಕೆಲಸವೆಂದರೆ ಮೆಣಸು ಕೊಯ್ಯುವುದು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ಕಡೆ ಸ್ಪ್ರಿಂಕ್ಲರ್ ಪೈಪು ಎಳೆಯುವುದು, ಗಿಡದ ಕಸಿ ಎಂದರೆ ರೆಂಬೆ ಸವರುವುದು, ಮರಗಸಿ ಎಂದರೆ ನೆರಳಿನ ಮರದ ಕೊಂಬೆ ಕಡಿಯುವುದು. ಇದಕ್ಕೆ ಕೊಯ್ಲಿನಷ್ಟು ಕೈ ಬೇಡ. ಅಂದರೆ ಕೆಲಸ ಮುಗಿದು, ಊರು ಇನ್ನೂ ಸಿಗದ ಸಂದಿಯಲ್ಲಿ ಅವರು ಸಿಕ್ಕಿಕೊಂಡರು.

ಹೊರಗಿನಿಂದ ಬಂದ ತೋಟದ ಆಳಿಗೆ ವರ್ಷದ ಗಳಿಕೆಯೆಂದರೆ ಕೊಯ್ಲಿನ ಆ ಮೂರು ನಾಲ್ಕು ತಿಂಗಳು. ಗಂಡ ಹೆಂಡತಿ ಸೇರಿ ಕೆಜಿ ಲೆಕ್ಕದಲ್ಲಿ ಕೊಯ್ದು ಕೂಡಿಟ್ಟದ್ದರಲ್ಲಿ ಊರಿನ ಸಾಲ ತೀರಬೇಕು, ಮಳೆಗಾಲಕ್ಕೆ ಮೊದಲು ಮನೆಗೆ ತಗಡು ಏರಬೇಕು, ತಂಗಿಯ ಮದುವೆಗೆ ಒಂದಿಷ್ಟು ತೆಗೆದಿಡಬೇಕು. ಆ ಗಂಟನ್ನು ಬಿಚ್ಚಿ ಲಾಕ್‌ಡೌನಿನ ಮೊದಲ ದಿನಗಳ ಅನ್ನ ತಿಂದರು. ಗಂಟು ಕರಗಿದ ಮೇಲೆ ಅಪ್ಪನ ಪುಸ್ತಕದ ಮುಂಗಡದ ಕಡೆ ಬರವಣಿಗೆ ಶುರುವಾಯಿತು. ಹೊಟ್ಟೆ ತುಂಬಿದ್ದು ನಿಜ. ಅದು ತುಂಬಿದ್ದು ಹೋದ ವರ್ಷದ ದುಡಿಮೆಯಿಂದ ಮತ್ತು ಮುಂದಿನ ವರ್ಷದ ದುಡಿಮೆಯಿಂದ.

ಸರ್ಕಾರದ ಅಕ್ಕಿ ಇತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ. ಇತ್ತು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ಏಪ್ರಿಲಿನಿಂದ ತಲೆಗೆ 5 ಕೆಜಿ ಧಾನ್ಯ, ಮಾಮೂಲಿ ಪಡಿತರದ ಮೇಲೆ ಉಚಿತವಾಗಿ. ಮೂರು ತಿಂಗಳಿಗೆಂದು ಹೊರಟದ್ದು ಆ ವರ್ಷದ ನವೆಂಬರ್‌ವರೆಗೆ ನಡೆಯಿತು. ನಮ್ಮ ಜಿಲ್ಲೆಗಳ ಕಾರ್ಡುದಾರರಿಗೆ ಅದು ದೊಡ್ಡ ಆಸರೆಯಾಯಿತು, ಅದನ್ನು ಅಲ್ಲಗಳೆಯಬಾರದು. ಆದರೆ ಆ ಆರು ಸಂಸಾರಗಳ ಹತ್ತಿರ ಕಾರ್ಡ್ ಇದ್ದರೂ ಅದು ನಡೆಯುವುದು ಅಸ್ಸಾಮಿನ ತಮ್ಮೂರಿನ ಅಂಗಡಿಯಲ್ಲಿ. ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲೂ ಪಡಿತರ ಕೊಡುವ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಮೊದಲ 12 ರಾಜ್ಯಗಳ ಸಾಲಿನಲ್ಲಿ ಸೇರಿತ್ತು. ಅಸ್ಸಾಂ ಸೇರಿದ್ದು ದೇಶಕ್ಕೇ ಕೊನೆಯದಾಗಿ, 2022ರ ಜೂನ್‌ನಲ್ಲಿ. ಲೈನ್ ಮನೆಯ ಹೆಂಗಸು ಸೊಸೈಟಿಗೆ ಹೋಗಿ ಹೆಬ್ಬೆರಳು ಒತ್ತಿದ್ದರೂ ಆ ಮಿಷನ್ನಿಗೆ ಅವಳು ಯಾರೋ ಎಂತೋ. ಕಾರ್ಡಿಲ್ಲದ ವಲಸಿಗರಿಗೂ ಎರಡು ತಿಂಗಳು ತಲೆಗೆ 5 ಕೆಜಿ ಧಾನ್ಯ, ಸಂಸಾರಕ್ಕೆ 1 ಕೆಜಿ ಕಡಲೆ ಕೊಡುತ್ತೇವೆಂದು ಕೇಂದ್ರ ಘೋಷಿಸಿದ್ದು ಮೇ 14ರಂದು. ಅಷ್ಟರಲ್ಲಿ ಲಾಕ್‌ಡೌನ್ ಶುರುವಾಗಿ 50 ದಿನ ಕಳೆದಿತ್ತು.

ಈಗ ಪುಸ್ತಕವನ್ನು ಮತ್ತೆ ನೋಡಿ. ನಿಮ್ಮ ಸಾಹುಕಾರರು ಕೊಟ್ಟದ್ದು ಸರ್ಕಾರ ಕೊಡಬೇಕಾಗಿದ್ದ ಅಕ್ಕಿ. ಸೊಸೈಟಿಯಿಂದ ಬಂದಿದ್ದರೆ ಅದನ್ನು ಯಾರೂ ಯಾರ ಹೆಸರಿಗೂ ಬರೆಯುತ್ತಿರಲಿಲ್ಲ. ತೋಟದಿಂದ ಬಂದದ್ದಕ್ಕೆ ಅದು ಸಾಲವಾಯಿತು. ಸಾಹುಕಾರರು ಕೆಟ್ಟವರಾಗಿ ಹೀಗಾಗಲಿಲ್ಲ. ಅವರ ಪುಸ್ತಕದಲ್ಲಿ ಬೇರೆ ಕಾಲಂ ಇರಲಿಲ್ಲ, ಅಷ್ಟೇ.

ಅನ್ನ ಹಾಕುವವರೂ ಇಲ್ಲದವರ ಪಾಡು ಹೇಗಿತ್ತು ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ಸಿಕ್ಕಿಕೊಂಡ ಕಾರ್ಮಿಕರಿಗೆ ಫೋನಿನಲ್ಲಿ ನೆರವಾಗುತ್ತಿದ್ದ 'ಸ್ವಾನ್' ಎಂಬ ಸ್ವಯಂಸೇವಕರ ಜಾಲ, ಮೊದಲ ಮೂರು ವಾರದಲ್ಲಿ ತನ್ನನ್ನು ತಲುಪಿದ 11,159 ಕಾರ್ಮಿಕರ ಲೆಕ್ಕ ತೆಗೆಯಿತು. ಅವರಲ್ಲಿ 96% ಜನಕ್ಕೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ, 89% ಜನಕ್ಕೆ ಲಾಕ್‌ಡೌನ್ ದಿನಗಳ ಕೂಲಿ ಬಂದಿರಲಿಲ್ಲ. ಕಷ್ಟದಲ್ಲಿದ್ದವರೇ ಫೋನ್ ಮಾಡುವುದು ಸಹಜ, ಆದ್ದರಿಂದ ಇದನ್ನು ಇಡೀ ದೇಶದ ಸರಾಸರಿ ಎಂದು ಓದಬಾರದು. ನಿಮ್ಮ ಲೈನ್ ಮನೆಯವರು ಆ ಫೋನ್ ಮಾಡಿರಲಾರರು. ಅವರು ಈ ಅಂಕಿಯಲ್ಲೂ ಇಲ್ಲ.

ಆಗ ನಾವು ಕೆಲವರು ಸಕಲೇಶಪುರದ ದಾರಿಯಲ್ಲಿ ಕಿಟ್ ಹಂಚಲು ಹೋಗುತ್ತಿದ್ದೆವು. ಹೆದ್ದಾರಿ ಅಗಲೀಕರಣ, ಎತ್ತಿನಹೊಳೆ ಕಾಮಗಾರಿ ಎಂದು ಆ ಭಾಗದಲ್ಲಿ ಉತ್ತರದ ರಾಜ್ಯಗಳ ಆಳುಗಳು ಬೇಕಾದಷ್ಟು ಜನ ಇದ್ದರು. ನಮ್ಮ ಕಿಟ್‌ನಲ್ಲಿ ಅಕ್ಕಿ, ರಾಗಿಹಿಟ್ಟು, ಸಾಂಬಾರು ಪುಡಿ. ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಹಿಂತಿರುಗುವಾಗ ಬಂಗಾಳದ ಹುಡುಗನೊಬ್ಬ ಸಂಕೋಚದಿಂದ ರಾಗಿಹಿಟ್ಟಿನ ಪೊಟ್ಟಣ ತೋರಿಸಿ ಇದೇನು ಎಂದು ಕೇಳಿದ. ಅವನಿಗೆ ಬೇಕಿದ್ದದ್ದು ಸಾಸಿವೆ ಎಣ್ಣೆ ಮತ್ತು ಆಲೂಗಡ್ಡೆ. ಆಲೂಗಡ್ಡೆಗೆ ಹೆಸರಾದ ಜಿಲ್ಲೆಯವರು ನಾವು, ನಮ್ಮ ಕಿಟ್‌ನಲ್ಲಿ ಒಂದು ಗಡ್ಡೆ ಇರಲಿಲ್ಲ! ಎರಡನೆಯ ಸಲ ಹೋದಾಗ ಏನು ಬೇಕು ಎಂದು ಮೊದಲೇ ಕೇಳಿದೆವು. ಹೆಚ್ಚಿನವರು ಕೇಳಿದ್ದು ಫೋನಿಗೆ ರೀಚಾರ್ಜ್. ಊರಿನ ಸುದ್ದಿ, ರೈಲಿನ ಸುದ್ದಿ, ಗುತ್ತಿಗೆದಾರನ ಸುದ್ದಿ ಎಲ್ಲವೂ ಬರಬೇಕಾದದ್ದು ಅದರೊಳಗಿಂದ. ನಿಮ್ಮ ಅಪ್ಪನ ಪುಸ್ತಕದಲ್ಲೂ ರೀಚಾರ್ಜ್ ಸಾಲು ಇದ್ದರೆ ಅದನ್ನು ದುಂದು ಎಂದು ತಿಳಿಯಬೇಡಿ.

ಇನ್ನು ಕೂಲಿಯ ಮಾತು. ಇದು ಅಪ್ಪನಿಗೂ ಸಾಹುಕಾರರಿಗೂ ಬಹುಶಃ ಆಗ ಗೊತ್ತಾಗಿರಲಿಕ್ಕಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ಆದೇಶ ಹೊರಡಿಸಿತು. ಕೈಗಾರಿಕೆ, ಅಂಗಡಿ, ವಾಣಿಜ್ಯ ಸಂಸ್ಥೆಗಳ ಮಾಲೀಕರು ಮುಚ್ಚಿದ ದಿನಗಳಿಗೂ ಕೂಲಿಯನ್ನು ಕಡಿತವಿಲ್ಲದೆ ಸರಿಯಾದ ದಿನಕ್ಕೆ ಕೊಡಬೇಕು, ವಲಸೆ ಕಾರ್ಮಿಕರು ಬಾಡಿಗೆಗಿರುವ ಮನೆಯ ಮಾಲೀಕರು ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದು ಅದರಲ್ಲಿತ್ತು. ಮೇ 17ಕ್ಕೆ ಅದನ್ನು ಹಿಂತೆಗೆದುಕೊಂಡರು. ಜೂನ್ 12ರಂದು ಸುಪ್ರೀಂ ಕೋರ್ಟ್, ಕೂಲಿ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಕಾರ್ಮಿಕರೊಂದಿಗೆ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಅಸ್ಸಾಮಿನ ಆಳು ಯಾವ ಭಾಷೆಯಲ್ಲಿ, ಯಾವ ಮೇಜಿನ ಮುಂದೆ ಕೂತು ಮಾತಾಡಬೇಕಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ.

ಇದು ತೋಟಕ್ಕೆ ಅನ್ವಯಿಸುವುದಿಲ್ಲ ಎಂದು ಬೆಳೆಗಾರರು ವಾದ ಹೂಡಬಹುದು. ಏಪ್ರಿಲ್ 20ರಿಂದ ಕಾಫಿ, ಟೀ, ರಬ್ಬರ್ ತೋಟಗಳಿಗೆ ಅರ್ಧದಷ್ಟು ಆಳಿನೊಂದಿಗೆ ಕೆಲಸ ಮಾಡಲು ಅನುಮತಿಯೂ ಸಿಕ್ಕಿತು. ವಾದ ಏನೇ ಇರಲಿ, ಸುಮಾರು ಏಳು ವಾರ ಈ ದೇಶದಲ್ಲಿ 'ಕೆಲಸ ನಿಂತರೂ ಕೂಲಿ ನಿಲ್ಲಬಾರದು' ಎಂಬ ಸರ್ಕಾರಿ ಮಾತು ಚಾಲ್ತಿಯಲ್ಲಿತ್ತು. ಆ ಏಳು ವಾರದಲ್ಲಿ ಅರ್ಧದಷ್ಟು ಕೂಲಿಯನ್ನಾದರೂ ಹಾಜರಿಯ ಕಡೆ ಬರೆದಿದ್ದರೆ ನೀವು ಹೇಳುವ ಬಾಕಿ ಬಹುಪಾಲು ಅಲ್ಲೇ ತೀರಿಹೋಗುತ್ತಿತ್ತು. ತಂಗಿ ಹೇಳುವುದರ ತಿರುಳು ಇಷ್ಟು. ಅವಳು ಬಳಸಿದ ಪದ ಭಾರದ್ದು, ಆದರೆ ಬೊಟ್ಟು ಮಾಡಿದ ಕಾಲಂ ಅದೇ.

ಪದದ ವಿಷಯ ಬಂದದ್ದರಿಂದ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆದುಬಿಡುತ್ತೇನೆ. ಮುಂಗಡ ಕೊಡುವುದು ನಮ್ಮ ಮಲೆನಾಡಿನಲ್ಲಿ ತಲೆಮಾರುಗಳಿಂದ ಬಂದದ್ದು. ಮೇಸ್ತ್ರಿ ಊರಿಗೆ ಹೋಗಿ ಹಣ ಕೊಟ್ಟು ಆಳು ಕರೆತರುತ್ತಾನೆ, ಆಳು ದುಡಿದು ತೀರಿಸುತ್ತಾನೆ. ಅದರಷ್ಟಕ್ಕೇ ಅದು ಅಪರಾಧವಲ್ಲ. ಆದರೆ ಮುಂಗಡ ತೀರುವವರೆಗೆ ತೋಟ ಬಿಟ್ಟು ಹೋಗುವಂತಿಲ್ಲ ಎಂದಾಗಲಿ, ಅದೇ ಕಾರಣಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕು ಎಂದಾಗಲಿ ಆದ ಕ್ಷಣ 1976ರ ಜೀತ ಪದ್ಧತಿ ರದ್ದು ಕಾಯ್ದೆ ಬಾಗಿಲಿಗೆ ಬರುತ್ತದೆ. ಆಗ ಆ ಸಾಲವೇ ಕಾನೂನಿನ ಕಣ್ಣಿಗೆ ಇಲ್ಲದ್ದು. ಹಾಗಾಗಿ ಅಪ್ಪನನ್ನು ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಬಾಕಿ ಇದ್ದವರನ್ನು ಜೂನಿನಲ್ಲಿ ತಡೆಯದೆ ಕಳಿಸಿದರೇ, ಅವರ ಆಧಾರ್ ಕಾರ್ಡು ತೋಟದ ಆಫೀಸಿನ ಡ್ರಾಯರಿನಲ್ಲಿ ಉಳಿಯಿತೇ? ಅವರು ಹೊರಟರು ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ಮೊದಲನೆಯದೇ ಆಗಿರುತ್ತದೆ ಎಂದುಕೊಳ್ಳುತ್ತೇನೆ. ಡ್ರಾಯರಿನಲ್ಲಿ ಕಾರ್ಡುಗಳಿದ್ದ ಒಂದು ತೋಟವನ್ನು ನಾನು ಬಲ್ಲೆ. ಕೇಳಿದರೆ "ಕಳೆದುಕೊಂಡುಬಿಡ್ತಾರೆ ಸಾರ್, ಜೋಪಾನಕ್ಕೆ ಇಟ್ಕೊಂಡಿದೀವಿ" ಎಂದರು.

ಹೊರಡುವುದಾದರೂ ಸುಲಭವಿತ್ತೇ? ಶ್ರಮಿಕ್ ವಿಶೇಷ ರೈಲುಗಳು ಶುರುವಾದದ್ದು ಮೇ 1ಕ್ಕೆ. ಕರ್ನಾಟಕದಿಂದ ಹೋಗುವವರು ಸೇವಾ ಸಿಂಧು ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕು. ಕನ್ನಡವೂ ಇಂಗ್ಲಿಷೂ ಬಾರದವನಿಗೆ, ನೆಟ್‌ವರ್ಕ್ ಸಿಗಲು ಗುಡ್ಡದ ನೆತ್ತಿಗೆ ಹೋಗಬೇಕಾದ ತೋಟದಲ್ಲಿ, ಓಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಇದರ ನಡುವೆ ಮೇ 5ರಂದು, ಕಟ್ಟಡ ಉದ್ಯಮದವರ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಮೇಲೆ, ರಾಜ್ಯ ಸರ್ಕಾರ ರೈಲುಗಳೇ ಬೇಡ ಎಂದು ಪತ್ರ ಬರೆಯಿತು. ಆಳುಗಳು ಹೋಗಿಬಿಟ್ಟರೆ ಕೆಲಸ ಶುರುಮಾಡುವುದು ಹೇಗೆ ಎಂಬ ಯೋಚನೆ. ದೇಶವೆಲ್ಲ ಟೀಕಿಸಿದ ಮೇಲೆ ಎರಡು ಮೂರು ದಿನದಲ್ಲಿ ನಿರ್ಧಾರ ಬದಲಾಯಿತು. ಆ ಮೂರು ದಿನ ನನಗೆ ಮರೆಯದ ಪಾಠ. ನಮ್ಮ ತೋಟದ ಮೇಸ್ತ್ರಿ "ಬಾಕಿ ತೀರಿಸಿ ಹೋಗು" ಎಂದರೆ ಜೀತ ಎಂದು ಬೈಯುತ್ತೇವೆ. ಸರ್ಕಾರ "ಕೆಲಸ ಇದೆ, ಇರು" ಎಂದು ರೈಲು ನಿಲ್ಲಿಸಿದಾಗ ಅದಕ್ಕೆ ಆರ್ಥಿಕ ಚಟುವಟಿಕೆ ಎಂಬ ಹೆಸರು. ಅದೇ ವಾರ, ಮೇ 8ರ ನಸುಕಿನಲ್ಲಿ, ಮಹಾರಾಷ್ಟ್ರದ ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಜನ ಕೂಲಿಗಳ ಮೇಲೆ ಗೂಡ್ಸ್ ರೈಲು ಹರಿಯಿತು. ಅವರೂ ರೈಲು ಹಿಡಿಯಲೆಂದೇ ಹೊರಟವರು.

ಎಷ್ಟು ಜನ ಹೀಗೆ ಊರಿಗೆ ಮರಳಿದರು? ಸೆಪ್ಟೆಂಬರಿನಲ್ಲಿ ಕಾರ್ಮಿಕ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ 1.04 ಕೋಟಿಗೂ ಹೆಚ್ಚು ಎಂದಿತ್ತು. ದಾರಿಯಲ್ಲಿ ಸತ್ತವರೆಷ್ಟು ಎಂದು ಕೇಳಿದ್ದಕ್ಕೆ, ಅಂಥ ಮಾಹಿತಿ ಇಟ್ಟಿಲ್ಲ ಎಂದು ಉತ್ತರ.

ನಿಮ್ಮ ಪ್ರಶ್ನೆ ಬಂದವರ ಬಗ್ಗೆ. ಹೋದವರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ನಮ್ಮ ಜಿಲ್ಲೆಗಳ ಚಿತ್ರ ಪೂರ್ತಿಯಾಗದು. ಮೇ 1ರ ಪಟ್ಟಿಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯ. ಒಂದೂ ಪ್ರಕರಣ ಇಲ್ಲ ಎಂದು ಬೀಗುತ್ತಿದ್ದೆವು. ಮೇ 12ರಂದು ಹಾಸನ ಜಿಲ್ಲೆಯ ಮೊದಲ ಐದು ಪ್ರಕರಣಗಳು ಬಂದವು. ಐವರೂ ಮುಂಬೈಯಿಂದ ಮರಳಿದವರು, ನಮ್ಮ ಚನ್ನರಾಯಪಟ್ಟಣದ ಕಡೆಯವರೇ. ಬರಗಾಲದಲ್ಲಿ ಊರು ಬಿಟ್ಟು ಮುಂಬೈಯ ಹೋಟೆಲುಗಳಲ್ಲಿ ದುಡಿದು ಹಬ್ಬಕ್ಕೆ, ಊರ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕಳಿಸುತ್ತಿದ್ದ ಮಕ್ಕಳು ಅವರು. ರಾತ್ರೋರಾತ್ರಿ 'ಮುಂಬೈಯವರು' ಎಂಬುದು ಬೈಗುಳವಾಯಿತು. ಹಳ್ಳಿಗಳ ದಾರಿಗೆ ಮುಳ್ಳು, ಮರದ ದಿಮ್ಮಿ ಅಡ್ಡ ಬಿದ್ದವು. ಮೇ 18ರಂದು ರಾಜ್ಯ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿದ್ದ ನಮ್ಮ ಹುಡುಗರ ಕಥೆ ಅಷ್ಟು ಕೆಡಲಿಲ್ಲ. ಮೇ ಮೊದಲ ವಾರ ಕೆಎಸ್ಆರ್‌ಟಿಸಿ ಬಸ್ಸುಗಳು, ಮೊದಲು ದುಬಾರಿ ಟಿಕೆಟಿಗೆ, ಗದ್ದಲವಾದ ಮೇಲೆ ಉಚಿತವಾಗಿ, ಅವರನ್ನು ತಂದು ಬಿಟ್ಟವು. ಅಸ್ಸಾಮಿನವನು ಮೂಡಿಗೆರೆಯಲ್ಲಿ ಹೊರಗಿನವನಾದದ್ದು ಸರಿ. ಚನ್ನರಾಯಪಟ್ಟಣದವನು ಚನ್ನರಾಯಪಟ್ಟಣದಲ್ಲೇ ಹೊರಗಿನವನಾದದ್ದನ್ನು ಎಲ್ಲಿ ಬರೆದುಕೊಳ್ಳಬೇಕು?

ಊರಲ್ಲೇ ಇದ್ದ ಬಡವರ ಕಷ್ಟದ ಬಗೆ ಬೇರೆ. ಕ್ಷೌರಿಕರು, ಅಗಸರು, ಆಟೋ ಟ್ಯಾಕ್ಸಿ ಓಡಿಸುವವರಿಗೆ ತಲಾ 5,000 ರೂಪಾಯಿ ಎಂದು ರಾಜ್ಯ ಸರ್ಕಾರ ಮೇ 6ರ 1,610 ಕೋಟಿಯ ಪ್ಯಾಕೇಜಿನಲ್ಲಿ ಹೇಳಿತು. ಗಾರೆ ಕೆಲಸದವರಿಗೂ ಎರಡು ಕಂತಿನಲ್ಲಿ ಅಷ್ಟೇ ಮೊತ್ತ, ಆದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರಿದ್ದರೆ ಮಾತ್ರ. ಆ ಹೆಸರು ಬೇಕೆಂದರೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಸಿಮೆಂಟು ಹೊರುವವನಿಗೆ ಪುರಾವೆ ಬರೆದುಕೊಡುವವರು ಯಾರು? ಚಿಕ್ಕಮಗಳೂರಿನ ಹೋಂಸ್ಟೇಗಳ ಅಡುಗೆಯವರು, ಜೀಪ್ ಡ್ರೈವರುಗಳು, ಬೇಲೂರು ಹಳೇಬೀಡಿನ ದೇವಸ್ಥಾನದ ಮುಂದೆ ಬೊಂಬೆ ಮಾರುವವರು ಎಷ್ಟೋ ಜನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಊರೂರು ತಿರುಗಿ ತಲೆಗೂದಲಿನ ಎಣ್ಣೆ ಮಾರುವುದೇ ಬದುಕಾದ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಬುಡಕಟ್ಟಿನವರಿಗೆ 'ಮನೆಯಲ್ಲೇ ಇರಿ' ಎಂದರೆ ಕಸುಬು ಬಿಡಿ ಎಂದಂತೆ. ಹೆಂಗಸರ ಮೇಲೆ ಸಂಘದ ಸಾಲ, ಫೈನಾನ್ಸಿನ ವಾರದ ಕಂತು. ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು ಎಂಬುದು ಸರಿ. ಕಂತು ಮುಂದೆ ಹೋಯಿತು, ಬಡ್ಡಿ ಅಲ್ಲೇ ಕೂತು ಬೆಳೆಯಿತು. ಅದನ್ನು ಕಟ್ಟಲು ಇನ್ನೊಂದು ಕಂಪನಿಯ ಸಾಲ. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ನಾನು ಮಾತಾಡಿಸಿದ ಹಲವು ಹೆಂಗಸರು ತಮ್ಮ ಸಾಲದ ಕಥೆ ಶುರುಮಾಡುವುದು "ಕೊರೊನಾ ಟೈಮಲ್ಲಿ" ಎಂದೇ.

ಉದ್ಯೋಗ ಖಾತ್ರಿ ಒಂದು ಮಟ್ಟಿಗೆ ಕೈಹಿಡಿಯಿತು. 2020-21ರಲ್ಲಿ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಆಯಿತು, ಅದುವರೆಗೆ ಯಾವ ವರ್ಷವೂ ಅಷ್ಟು ಆಗಿರಲಿಲ್ಲ. ಕರ್ನಾಟಕದಲ್ಲಿ ದಿನಕ್ಕೆ 275 ರೂಪಾಯಿ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಬಂದ ಹುಡುಗರು ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳು ಎತ್ತಿದ್ದನ್ನು ಕಂಡಿದ್ದೇನೆ. ಆದರೆ ಜಾಬ್ ಕಾರ್ಡ್ ಸಿಗುತ್ತಿದ್ದದ್ದು ಆಯಾ ಪಂಚಾಯಿತಿಯ ನಿವಾಸಿಗೆ. ಲೈನ್ ಮನೆ ಯಾವ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೂ ಅದರಲ್ಲಿರುವವರು ಆ ಪಂಚಾಯಿತಿಯವರಲ್ಲ ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ನಿಯಮ.

2021ರ ಎರಡನೇ ಅಲೆ ಬಂದಾಗ ಹಾಸನ, ಚಿಕ್ಕಮಗಳೂರು ಹಸಿರಾಗಿ ಉಳಿಯಲಿಲ್ಲ. ರಾಜ್ಯದ ಬಹುಪಾಲು ಜೂನ್ 14ಕ್ಕೆ ಸಡಿಲವಾದರೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಇವೆರಡೂ ಇದ್ದು, ಇನ್ನೊಂದು ವಾರ ಬಿಗಿಯೇ ಮುಂದುವರಿಯಿತು. ಈ ಸಲ ರೈಲು ನಿಲ್ಲಲಿಲ್ಲ. ಹಿಂದಿನ ವರ್ಷ ಕಲಿತ ಆಳುಗಳು ಯಾರನ್ನೂ ಕೇಳದೆ ಮೊದಲೇ ಗಂಟು ಕಟ್ಟಿದರು. "ಹೇಳದೆ ಕೇಳದೆ ಓಡಿಹೋದರು" ಎಂದು ಬೆಳೆಗಾರರು ಬೇಸರಪಟ್ಟರು. ನಾನಾಗಿದ್ದರೂ ಓಡುತ್ತಿದ್ದೆ.

ಇಷ್ಟಾದ ಮೇಲೆ ಏನಾದರೂ ಬದಲಾಯಿತೇ ಎಂದರೆ, ಸ್ವಲ್ಪ. 2021ರ ಜೂನ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ 'ಒಂದು ದೇಶ, ಒಂದು ಪಡಿತರ ಚೀಟಿ' ಜಾರಿಗೊಳಿಸಬೇಕು, ಅಸಂಘಟಿತ ಕಾರ್ಮಿಕರ ನೋಂದಣಿಗೆ ಪೋರ್ಟಲ್ ತೆರೆಯಬೇಕು ಎಂದಿತು. ಆಗಸ್ಟ್‌ನಲ್ಲಿ ಇ-ಶ್ರಮ್ ಬಂತು. ಇವತ್ತು ಅಸ್ಸಾಮಿನ ಕಾರ್ಡಿಗೆ ಮೂಡಿಗೆರೆಯಲ್ಲಿ ಹೆಬ್ಬೆರಳು ಒತ್ತಿ ಕೇಂದ್ರದ ಪಾಲಿನ ಧಾನ್ಯ ತೆಗೆದುಕೊಳ್ಳಬಹುದು. ಇಲ್ಲಿರುವವರ ಪಾಲು ಇಲ್ಲಿ, ಊರಿನಲ್ಲಿ ಉಳಿದ ಅಜ್ಜಿ ಮಕ್ಕಳ ಪಾಲು ಅಲ್ಲಿ, ಹೀಗೆ ಒಡೆದೂ ತೆಗೆದುಕೊಳ್ಳಬಹುದು. ಇದು ಎಷ್ಟೋ ಲೈನ್ ಮನೆಗಳಿಗೆ ಗೊತ್ತೇ ಇಲ್ಲ. ಸೊಸೈಟಿಯವರು ತಕರಾರು ಮಾಡಿದರೆ 14445ಕ್ಕೆ ಫೋನ್ ಮಾಡಿ ಕೇಳಬಹುದು. ಆಳುಗಳು ಬಂದ ಮೊದಲ ವಾರವೇ ರೈಟರ್ ಒಬ್ಬರು ಜೊತೆಗೆ ಹೋಗಿ ಒಮ್ಮೆ ತೆಗೆಸಿಕೊಟ್ಟರೆ ಸಾಕು, ಮುಂದೆ ಅವರೇ ನೋಡಿಕೊಳ್ಳುತ್ತಾರೆ.

ಕಾನೂನಿನ ಕಡೆ ನನಗೆ ಅಷ್ಟು ಸಮಾಧಾನವಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನರಿದ್ದರೂ ಅನ್ವಯಿಸುತ್ತಿತ್ತು, ಊರು ಬಿಟ್ಟು ಬಂದದ್ದಕ್ಕೆ ಭತ್ಯೆ, ಪ್ರಯಾಣ ಭತ್ಯೆ ಎರಡೂ ಇದ್ದವು. 2020ರಲ್ಲಿ ಅದು ಜಾರಿಯಲ್ಲಿತ್ತು, ಆ ಭತ್ಯೆ ಪಡೆದ ಒಬ್ಬನೇ ಒಬ್ಬ ಆಳನ್ನು ಮಾತ್ರ ನಾನು ನಮ್ಮ ತೋಟಗಳಲ್ಲಿ ಕಂಡಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಐದು ಎಂಬುದು ಹತ್ತಾಗಿದೆ. ಮೇಸ್ತ್ರಿಯಿಲ್ಲದೆ ತಾವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಗಣಿಸುವುದು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಕೊಡುವುದು ಅದರ ಒಳ್ಳೆಯ ಅಂಶ. ಲೈನ್ ಮನೆ, ಆಸ್ಪತ್ರೆ, ಶಿಶುವಿಹಾರ ಕೊಡಬೇಕೆಂದು ಹೇಳುತ್ತಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಗೂ 5 ಹೆಕ್ಟೇರ್, 15 ಆಳು ಎಂಬ ಗೆರೆ ಇತ್ತು. 12 ಎಕರೆಗಿಂತ ಸಣ್ಣ ತೋಟದಲ್ಲಿ ಇರುವವರಿಗೆ ಸಾಹುಕಾರರ ಒಳ್ಳೆಯತನವೇ ಕಾಯ್ದೆ.

ಅಪ್ಪ ಇನ್ನೂ ಲೆಕ್ಕ ಬರೆಯುತ್ತಿದ್ದರೆ, ಅಥವಾ ಅವರ ಜಾಗಕ್ಕೆ ಬಂದವರು ಮಾತು ಕೇಳುವವರಾದರೆ, ಒಂದು ಸಣ್ಣ ಕೆಲಸ ಮಾಡಬಹುದು. ಪುಸ್ತಕದಲ್ಲಿ ಮುಂಗಡಕ್ಕೂ ಹಾಜರಿಗೂ ನಡುವೆ ಮೂರನೆಯ ಕಾಲಂ ಎಳೆಯಲಿ. ಆಳು ಬರಲು ತಯಾರಿದ್ದು ತೋಟ ಕೆಲಸ ಕೊಡಲಾಗದ ದಿನಗಳನ್ನು ಅಲ್ಲಿ ಬರೆಯಲಿ. ಆ ದಿನಕ್ಕೆ ಎಷ್ಟು ಕೊಡುವುದು, ಪೂರ್ತಿಯೋ, ಅರ್ಧವೋ, ಬರೀ ಊಟದ ಖರ್ಚೋ ಎಂಬುದನ್ನು ಸೀಸನ್ ಶುರುವಾಗುವಾಗಲೇ ಮೇಸ್ತ್ರಿಯ ಎದುರು ಮಾತಾಡಿಕೊಳ್ಳಲಿ. ಮೂಡಿಗೆರೆಯಲ್ಲಿ ಕೆಲಸ ನಿಲ್ಲಲು ಮಹಾಮಾರಿಯೇ ಬರಬೇಕೆಂದಿಲ್ಲ. ಆಗಸ್ಟಿನ ಮಳೆಗೆ ದಾರಿ ಕುಸಿದರೂ ಸಾಕು.

ಇನ್ನು ಯಾರ ಮಾತು ಸರಿ ಎಂದು ಕೇಳಿದಿರಿ. ಅದನ್ನು ತೀರ್ಮಾನಿಸುವ ಪುಟ ನೀವು ಹೇಳಿದ ಪುಟವಲ್ಲ. ಆ ಸಂಸಾರಗಳಲ್ಲಿ ಯಾರಾದರೂ ಮುಂದಿನ ಕೊಯ್ಲಿಗೆ ವಾಪಸ್ ಬಂದರೇ ನೋಡಿ. ಬಂದಿದ್ದರೆ 2020ರ ಡಿಸೆಂಬರ್, 2021ರ ಜನವರಿಯ ಬಟವಾಡೆಯ ಪುಟ ತೆರೆಯಿರಿ. ಹಳೆಯ ಬಾಕಿಯನ್ನು ಅವರ ಕೊಯ್ಲಿನ ಹಣದಲ್ಲಿ ಮುರಿದುಕೊಂಡಿದ್ದರೆ ಆ ಎರಡು ತಿಂಗಳ ಅನ್ನದ ಖರ್ಚು ಕೊಟ್ಟವರು ಅವರೇ. ಬಾಕಿಯ ಮೇಲೆ ಗೆರೆ ಎಳೆದಿದ್ದರೆ ಕೊಟ್ಟವರು ಸಾಹುಕಾರರು. ಅಪ್ಪನ ಅಕ್ಷರ ನಿಮಗೆ ಓದಲು ಬರುತ್ತದಲ್ಲ, ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.